ಸೋತ ತಂಡದ ಕೈಗೆ ಕಪ್ ಹೋಗುವುದು ಹೇಗೆ? ಶಾಲಾ ರಗ್ಬಿಯ ಕೊನೆಯ ಪಂದ್ಯ ಮತ್ತು ಅಂತಿಮ ಪಟ್ಟಿಯ ಲೆಕ್ಕಾಚಾರ

ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಶಾಲಾ ಕ್ರೀಡಾಕೂಟ ನೋಡಿ ಬೆಳೆದವರ ತಲೆಯಲ್ಲಿ ಒಂದು ಲೆಕ್ಕ ಭದ್ರವಾಗಿ ಕೂತಿರುತ್ತದೆ: ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಬಸ್ ನಿಲ್ದಾಣಕ್ಕೆ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಆಮೇಲೆ ಮೈಸೂರು ವಿಭಾಗ, ಕೊನೆಗೆ ರಾಜ್ಯ ಮಟ್ಟ. ಕಬಡ್ಡಿಯಾಗಲಿ ಕೊಕ್ಕೊ ಆಗಲಿ, ಸಾಮಾನ್ಯವಾಗಿ ಒಂದು ಸೋಲಿಗೆ ಆ ವರ್ಷದ ಆಟ ಮುಗಿಯಿತು. ನಾಕೌಟ್ ಪದ್ಧತಿಯಲ್ಲಿ ಫೈನಲ್ ಗೆದ್ದವರೇ ಚಾಂಪಿಯನ್, ಅಲ್ಲಿ ವಾದಕ್ಕೆ ಜಾಗವಿಲ್ಲ.

ಈ ಅಭ್ಯಾಸದಲ್ಲಿ ಬೆಳೆದವರು ಶಾಲಾ ರಗ್ಬಿಯ ಲೀಗ್ ಫಲಿತಾಂಶ ಓದಿದರೆ ತಬ್ಬಿಬ್ಬಾಗುವುದು ಸಹಜ. ‘ನಿರ್ಣಾಯಕ ಪಂದ್ಯದಲ್ಲಿ ಸೋಲು, ಆದರೂ ಪ್ರಶಸ್ತಿ’ ಎಂಬಂಥ ಸುದ್ದಿ ಅಲ್ಲಿ ಅಪರೂಪವಲ್ಲ. ಸಮಾನ ಪಾಯಿಂಟ್ಸ್ ಪಡೆದ ಎರಡು ತಂಡಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ಇದರಲ್ಲಿ ಮೋಸವೇನೂ ಇಲ್ಲ. ಲೀಗ್‌ನ ಕೊನೆಯ ಪಂದ್ಯದಲ್ಲಿ ಎರಡು ಸ್ಪರ್ಧೆಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು ಮೈದಾನದ ಮೇಲೆ, ಇನ್ನೊಂದು ಕಾಗದದ ಮೇಲೆ. ಕಾಗದದ ಸ್ಪರ್ಧೆ ಮೊದಲ ಪಂದ್ಯದ ದಿನವೇ ಶುರುವಾಗಿರುತ್ತದೆ. ಪ್ರೇಕ್ಷಕರು ಅದನ್ನು ಗಮನಿಸುವುದು ಕೊನೆಯ ದಿನ ಮಾತ್ರ.

ನಮಗೆ ಇದರ ರುಚಿ ಗೊತ್ತಿಲ್ಲದೆಯೂ ಇಲ್ಲ. 2024ರ ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಮತ್ತು ಚೆನ್ನೈ ಆಡಿದ ಪಂದ್ಯವನ್ನು ನೆನಪಿಸಿಕೊಳ್ಳಿ. ಆರ್‌ಸಿಬಿ 218 ರನ್ ಗಳಿಸಿತ್ತು. ಚೆನ್ನೈಗೆ ಗೆಲ್ಲಲು 219 ಬೇಕಿತ್ತು, ಆದರೆ ಪ್ಲೇಆಫ್‌ಗೆ ಹೋಗಲು 201 ಸಾಕಿತ್ತು. ಕೊನೆಯ ಓವರ್ ಶುರುವಾದಾಗ ಎಲ್ಲರ ಬಾಯಲ್ಲಿದ್ದದ್ದು 35 ಅಲ್ಲ, 17. ಮೊದಲ ಎಸೆತಕ್ಕೆ ಧೋನಿ ಸಿಕ್ಸರ್ ಹೊಡೆದರು, ಎರಡನೆಯದಕ್ಕೆ ಔಟಾದರು, ಚೆನ್ನೈ 191ಕ್ಕೆ ನಿಂತಿತು. ಎರಡೂ ತಂಡಗಳಿಗೆ 14 ಪಾಯಿಂಟ್ಸ್, ಮುಂದೆ ಹೋದದ್ದು ಆರ್‌ಸಿಬಿ. ಆ ಹತ್ತು ರನ್ ಬಂದಿದ್ದರೆ ಚೆನ್ನೈ ಸೋತು ಮುಂದೆ ಹೋಗುತ್ತಿತ್ತು, ನಾವು ಗೆದ್ದು ಮನೆಗೆ ಬರುತ್ತಿದ್ದೆವು. ರಗ್ಬಿಯ ಪಟ್ಟಿ ಇದೇ ಜಾತಿಯದು. ಅದರಲ್ಲಿ ಇನ್ನೂ ಎರಡು ಮೂರು ತಿರುವುಗಳಿವೆ, ಅಷ್ಟೇ.

ಮೊದಲು ಮೈದಾನದ ಲೆಕ್ಕ. ಚೆಂಡನ್ನು ಎದುರಾಳಿಯ ಗೆರೆಯಾಚೆ ಕೊಂಡೊಯ್ದು ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಅಂಕ. ಟ್ರೈ ಆದ ಮೇಲೆ ಇಂಗ್ಲಿಷಿನ ‘ಎಚ್’ ಆಕಾರದ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಒದೆಯುವ ಅವಕಾಶ ಸಿಗುತ್ತದೆ. ಅದು ಕನ್ವರ್ಷನ್, 2 ಅಂಕ. ಚೆಂಡನ್ನು ಎಲ್ಲಿ ನೆಲಕ್ಕೆ ಒತ್ತಿದರೋ ಅದರ ನೇರಕ್ಕೇ ಹಿಂದೆ ಬಂದು ಒದೆಯಬೇಕಾದ್ದರಿಂದ ಮೂಲೆಯಲ್ಲಿ ಟ್ರೈ ಹೊಡೆದವರಿಗೆ ಕನ್ವರ್ಷನ್ ಕಷ್ಟ. ಎದುರಾಳಿ ತಪ್ಪೆಸಗಿದಾಗ ಸಿಗುವ ಪೆನಾಲ್ಟಿಯನ್ನು ಕಂಬಗಳ ನಡುವೆ ಒದ್ದರೆ 3, ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಪುಟಿಸಿ ಒದೆಯುವ ಡ್ರಾಪ್ ಗೋಲಿಗೂ 3. ಹುಡುಗರ ಆಟದಲ್ಲಿಯೂ ಈ ಅಂಕಗಳು ಹೀಗೇ ಇರುತ್ತವೆ. ಬದಲಾಗುವುದು ಬೇರೆ ಕೆಲವು ಸಂಗತಿ: 19 ವರ್ಷದೊಳಗಿನವರಿಗೆ ಪಂದ್ಯ 80 ನಿಮಿಷಕ್ಕೆ ಬದಲು 70 ನಿಮಿಷ, ಸ್ಕ್ರಮ್‌ನಲ್ಲಿ, ಅಂದರೆ ಎಂಟೆಂಟು ಮಂದಿ ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವಾಗ, ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳುವಂತಿಲ್ಲ. ಕತ್ತಿಗೆ ಪೆಟ್ಟಾಗಬಾರದೆಂಬ ಎಚ್ಚರಿಕೆ ಅದು.

ಈಗ ಕಾಗದದ ಲೆಕ್ಕ. ಗೊಂದಲ ಬೇಡವೆಂದು ಪಂದ್ಯದಲ್ಲಿ ಗಳಿಸುವುದನ್ನು ಅಂಕ ಎಂದೂ ಪಟ್ಟಿಗೆ ಸೇರುವುದನ್ನು ಪಾಯಿಂಟ್ ಎಂದೂ ಇಲ್ಲಿ ಬರೆಯುತ್ತೇನೆ. ಹೆಚ್ಚು ಬಳಕೆಯಲ್ಲಿರುವ ಪದ್ಧತಿಯಲ್ಲಿ ಗೆಲುವಿಗೆ 4 ಪಾಯಿಂಟ್ಸ್, ಡ್ರಾ ಆದರೆ 2, ಸೋತರೆ ಸೊನ್ನೆ. ಇದರ ಮೇಲೆ ಎರಡು ಬೋನಸ್‌ಗಳಿವೆ. ಒಂದು ಪಂದ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಟ್ರೈ ಹೊಡೆದ ತಂಡಕ್ಕೆ, ಗೆಲ್ಲಲಿ ಸೋಲಲಿ, 1 ಪಾಯಿಂಟ್. ಸೋತರೂ ಅಂತರ 7 ಅಂಕ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಪಾಯಿಂಟ್. ಪ್ರೊ ಕಬಡ್ಡಿಯನ್ನು ಹಿಂಬಾಲಿಸಿದವರಿಗೆ ಎರಡನೆಯದು ಹೊಸದಲ್ಲ. ಅಲ್ಲಿಯೂ ಬಹಳ ವರ್ಷ 7ರೊಳಗಿನ ಅಂತರದ ಸೋಲಿಗೆ ಒಂದು ಪಾಯಿಂಟ್ ಕೊಡುತ್ತಿದ್ದರು. ರಗ್ಬಿಯಲ್ಲಿ 7 ಎಂಬ ಸಂಖ್ಯೆಗೆ ಅರ್ಥವೂ ಇದೆ. ಒಂದು ಟ್ರೈ ಮತ್ತು ಅದರ ಕನ್ವರ್ಷನ್ ಸೇರಿದರೆ 7. ಒಂದೇ ಒಂದು ಓಟದಲ್ಲಿ ಅಳಿಸಿಹೋಗಬಹುದಾದ ಅಂತರ ಅದು.

ಈ ಬೋನಸ್‌ಗಳು ಬಂದದ್ದು ಏಕೆ? ಒಳ್ಳೆಯ ಒದೆತಗಾರನೊಬ್ಬನಿದ್ದರೆ ಪೆನಾಲ್ಟಿಗಳ ಮೇಲೆಯೇ ಪಂದ್ಯ ಗೆಲ್ಲಬಹುದು, ನೋಡುವವರಿಗೆ ಆಕಳಿಕೆ ಬರುತ್ತದೆ. ಟ್ರೈಗೆ ಹೆಚ್ಚುವರಿ ಬೆಲೆ ಕಟ್ಟಿದರೆ ಆಟಗಾರರು ಚೆಂಡು ಹಿಡಿದು ಓಡುತ್ತಾರೆ. ಸೋಲುತ್ತಿರುವ ತಂಡಕ್ಕೂ ಕೊನೆಯ ನಿಮಿಷದವರೆಗೆ ಏನೋ ಒಂದು ಉಳಿದಿರುತ್ತದೆ. 2003ರ ವಿಶ್ವಕಪ್‌ನಲ್ಲಿ ಈ ಪದ್ಧತಿ ಬಂತು. ಯುರೋಪಿನ ಹಳೆಯ ಟೂರ್ನಿ ಸಿಕ್ಸ್ ನೇಷನ್ಸ್ ಹಿಂದೆ ಮುಂದೆ ನೋಡುತ್ತಾ 2017ರಲ್ಲಿ ಒಪ್ಪಿಕೊಂಡಿತು.

ಆ ಹಿಂಜರಿಕೆಗೆ ಕಾರಣವೂ ಇತ್ತು. ಅಲ್ಲಿ ಒಂದೊಂದು ತಂಡ ಆಡುವುದು ಐದೈದು ಪಂದ್ಯ. ಐದನ್ನೂ ಬೋನಸ್ ಇಲ್ಲದೆ ಗೆದ್ದವರಿಗೆ 20 ಪಾಯಿಂಟ್ಸ್. ನಾಲ್ಕನ್ನು ಬೋನಸ್ ಸಮೇತ ಗೆದ್ದು, ಐದನೆಯದನ್ನು ನಾಲ್ಕು ಟ್ರೈ ಹೊಡೆದೂ ಸಣ್ಣ ಅಂತರದಲ್ಲಿ ಸೋತವರಿಗೆ 22! ಒಂದೂ ಸೋಲದ ತಂಡ ಎರಡನೆಯ ಸ್ಥಾನಕ್ಕೆ ಇಳಿಯುವ ಅನಾಹುತ ಇದು. ಅದಕ್ಕೇ ಐದೂ ಗೆದ್ದವರಿಗೆ ಇನ್ನೂ 3 ಪಾಯಿಂಟ್ಸ್ ಎಂದು ಸೇರಿಸಿದರು. ಆಗ 23, ಲೆಕ್ಕ ಸರಿಹೋಯಿತು. ನಿಯಮ ರೂಪಿಸುವವರು ಪೆನ್ನು ಕಾಗದ ಹಿಡಿದು ಕೂತರೆ ಇಂಥ ತೂತುಗಳು ಮೊದಲೇ ಕಾಣುತ್ತವೆ.

ಇಷ್ಟನ್ನು ಇಟ್ಟುಕೊಂಡು ನಮ್ಮ ಜಿಲ್ಲೆಯಲ್ಲೇ ಒಂದು ಶಾಲಾ ರಗ್ಬಿ ಲೀಗ್ ನಡೆಯಿತೆಂದು ಕಲ್ಪಿಸಿಕೊಳ್ಳೋಣ. ಸಕಲೇಶಪುರ, ಬೇಲೂರು, ಆಲೂರು, ಅರಕಲಗೂಡು ಎಂದು ನಾಲ್ಕು ತಂಡ. ಪ್ರತಿ ತಂಡ ಉಳಿದ ಮೂವರ ಜೊತೆ ಒಮ್ಮೊಮ್ಮೆ ಆಡಬೇಕು. ಇದು ಪೂರ್ತಿ ಕಟ್ಟುಕತೆ; ಯಾವ ಊರಿನವರೂ ಮುನಿಸಿಕೊಳ್ಳಬಾರದು.

ಸಕಲೇಶಪುರದ ಹುಡುಗರು ಓಡುವ ಜಾತಿಯವರು. ಆಲೂರನ್ನು 31–10ರಿಂದ ಐದು ಟ್ರೈ ಹೊಡೆದು ಮಣಿಸಿದರು, ಅರಕಲಗೂಡನ್ನು 27–12ರಿಂದ ನಾಲ್ಕು ಟ್ರೈ ಹೊಡೆದು ಸೋಲಿಸಿದರು. ಎರಡು ಗೆಲುವು, ಎರಡು ಬೋನಸ್, ಒಟ್ಟು 10 ಪಾಯಿಂಟ್ಸ್. ಬೇಲೂರಿನವರಿಗೆ ಒಬ್ಬ ಅದ್ಭುತ ಒದೆತಗಾರನಿದ್ದಾನೆ. ಆಲೂರಿನ ಮೇಲೆ ಐದು ಪೆನಾಲ್ಟಿಗಳಿಂದಲೇ 15–9, ಅರಕಲಗೂಡಿನ ಮೇಲೆ ತಿಣುಕಾಡಿ 16–13. ಎರಡು ಗೆಲುವು, ಬೋನಸ್ ಇಲ್ಲ, 8 ಪಾಯಿಂಟ್ಸ್. ಆಲೂರು ಮತ್ತು ಅರಕಲಗೂಡು ತಮ್ಮೊಳಗೆ 14–14 ಡ್ರಾ ಮಾಡಿಕೊಂಡವು. ಬೇಲೂರಿನ ಎದುರು ಎರಡೂ ಏಳರೊಳಗೆ ಸೋತಿದ್ದರಿಂದ ಅವಕ್ಕೂ ಒಂದೊಂದು ಬೋನಸ್ ಸಿಕ್ಕಿದೆ. ತಲಾ 3 ಪಾಯಿಂಟ್ಸ್‌ಗೆ ಅವರ ಆಟ ಮುಗಿದಿದೆ.

ಉಳಿದದ್ದು ಒಂದೇ ಪಂದ್ಯ, ಬೇಲೂರು ಮತ್ತು ಸಕಲೇಶಪುರದ ನಡುವೆ. ‘ಗೆದ್ದವರಿಗೆ ಕಪ್’ ಎಂದೇ ಊರೆಲ್ಲ ಮಾತು. ಸಕಲೇಶಪುರ ಗೆದ್ದರೆ ಅದು ನಿಜ. ಬೇಲೂರು ಗೆದ್ದರೆ? ಅವರು 12ಕ್ಕೆ ಏರುತ್ತಾರೆ (ನಾಲ್ಕು ಟ್ರೈ ಹೊಡೆದರೆ 13, ಆದರೆ ಈ ಟೂರ್ನಿಯಲ್ಲಿ ಅವರು ಒಮ್ಮೆಯೂ ಅಷ್ಟು ಹೊಡೆದಿಲ್ಲ). ಸಕಲೇಶಪುರಕ್ಕೆ ಎರಡೂ ಬೋನಸ್ ಸಿಕ್ಕರೆ ಅವರದೂ 12.

ಆಗಸ್ಟ್ ತಿಂಗಳು, ಮೈದಾನದ ಸುಣ್ಣದ ಗೆರೆಗಳು ಮಳೆಗೆ ಅರ್ಧ ಅಳಿಸಿವೆ. ಕೆಸರಿನಲ್ಲಿ ಚೆಂಡು ಸೋಪಿನಂತೆ ಜಾರುತ್ತಿದೆ. 69ನೇ ನಿಮಿಷ, ಬೇಲೂರು 23, ಸಕಲೇಶಪುರ 15. ಸಕಲೇಶಪುರದ್ದು ಮೂರು ಟ್ರೈ, ಒಂದಕ್ಕೂ ಕನ್ವರ್ಷನ್ ಸಿಕ್ಕಿಲ್ಲ. ಅಂತರ 8. ಕಂಬಗಳ ಎದುರಿನಲ್ಲೇ ಅವರಿಗೊಂದು ಪೆನಾಲ್ಟಿ ದೊರೆಯುತ್ತದೆ. ಪ್ರೇಕ್ಷಕರಲ್ಲಿ ಅರ್ಧದಷ್ಟು ಮಂದಿ ಛತ್ರಿ ಬಿಚ್ಚಿ ಹೊರಟಾಗಿದೆ, ಏಕೆಂದರೆ ಉಳಿದಿರುವ ಒಂದು ನಿಮಿಷದಲ್ಲಿ ಟ್ರೈ ಹೊಡೆದು ಕನ್ವರ್ಷನ್ ಮಾಡಿದರೂ ಬರುವುದು 7, ಬೇಕಾದದ್ದು 8. ಪಂದ್ಯವನ್ನು ಗೆಲ್ಲುವುದಿರಲಿ, ಸಮ ಮಾಡಿಕೊಳ್ಳಲೂ ಆಗುವುದಿಲ್ಲ.

ನಾಯಕ ಏನು ಮಾಡಬೇಕು? ಪೆನಾಲ್ಟಿಯನ್ನು ಒದ್ದರೆ 3 ಅಂಕ ಖಾತ್ರಿ. 18–23, ಐದರ ಅಂತರದ ಸೋಲು, ಒಂದು ಬೋನಸ್, ಒಟ್ಟು 11. ಗೌರವಯುತ ಸೋಲು ಎನ್ನಬಹುದು, ಆದರೆ ಎರಡನೆಯ ಸ್ಥಾನ ಹೇಗೂ ಅವರದೇ ಆಗಿತ್ತು. ಆ ಮೂರು ಅಂಕದಿಂದ ಅವರಿಗೆ ಕಾಸಿನ ಪ್ರಯೋಜನವಿಲ್ಲ. ಕಂಬಗಳತ್ತ ಒದೆಯದೆ ಚೆಂಡನ್ನು ಮೂಲೆಯ ಗೆರೆಯಾಚೆ ಕಳಿಸಿ, ಅಲ್ಲಿಂದ ಲೈನ್‌ಔಟ್ (ಗೆರೆಯಿಂದ ಎರಡು ಸಾಲು ಆಟಗಾರರ ನಡುವೆ ಚೆಂಡು ಎಸೆದು ಆಟ ಮುಂದುವರಿಸುವುದು) ಪಡೆದು, ಮುನ್ನುಗ್ಗಿ ನಾಲ್ಕನೆಯ ಟ್ರೈ ಹೊಡೆದರೆ 20–23. ಕನ್ವರ್ಷನ್ ತಪ್ಪಿದರೂ ಚಿಂತೆಯಿಲ್ಲ. ಮೂರರ ಅಂತರಕ್ಕೆ ಒಂದು ಬೋನಸ್, ನಾಲ್ಕು ಟ್ರೈಗೆ ಒಂದು ಬೋನಸ್, ಒಟ್ಟು 12. ಪಂದ್ಯಕ್ಕೆ ಬೇಡವಾದ ಆ ಟ್ರೈ ಪಟ್ಟಿಗೆ ಬೇಕು. ಅಂಥ ಹೊತ್ತಿನಲ್ಲಿ ದೈಹಿಕ ಶಿಕ್ಷಕರು ಗೆರೆಯಾಚೆಯಿಂದ ನಾಲ್ಕು ಬೆರಳು ಎತ್ತಿ ತೋರಿಸುತ್ತಿದ್ದರೆ ಅದರ ಅರ್ಥ ಇದೇ.

ಬೇಲೂರಿನ ಕಡೆಯ ಲೆಕ್ಕವೂ ಕುತೂಹಲದ್ದು. ಐದು ನಿಮಿಷ ಮೊದಲು ಅವರಿಗೊಂದು ಪೆನಾಲ್ಟಿ ಸಿಕ್ಕಿ, ಒದ್ದು 26–15 ಮಾಡಿಕೊಂಡಿದ್ದರು ಎನ್ನಿ. ಸುರಕ್ಷಿತವೆಂದು ಕಾಣುತ್ತದೆ. ಆದರೆ ಸಕಲೇಶಪುರ ಒಂದು ಟ್ರೈ ಹೊಡೆದರೆ 26–20, ಅಂತರ 6, ಎರಡು ಬೋನಸ್‌ಗಳೂ ಹಾಗೆಯೇ ಉಳಿಯುತ್ತವೆ. ಆ ಮೂರು ಅಂಕದಿಂದ ಬೇಲೂರಿಗೆ ಬಂದದ್ದು ಚಪ್ಪಾಳೆ ಮಾತ್ರ. ಚೆಂಡನ್ನು ಕೈಬಿಡದೆ ಎದುರಾಳಿಯ ಅಂಗಳದಲ್ಲೇ ಹೊತ್ತು ಕಳೆಯುವುದು ಅವರಿಗೆ ಹೆಚ್ಚು ಲಾಭದ್ದು.

ಸರಿ, ಟ್ರೈ ಆಯಿತು, ಸೀಟಿ ಊದಿತು. ಬೇಲೂರು 23–20ರಿಂದ ಗೆದ್ದಿತು. ಎರಡೂ ತಂಡಗಳಿಗೆ 12. ಕಪ್ ಯಾರದು?

ಉತ್ತರ ನಿಯಮ ಪುಸ್ತಕದಲ್ಲಿ ಯಾವ ಸಾಲು ಮೊದಲು ಬರುತ್ತದೆ ಎಂಬುದರ ಮೇಲೆ ನಿಂತಿದೆ. ಸಮಾನ ಪಾಯಿಂಟ್ಸ್ ಇದ್ದಾಗ ಆ ಇಬ್ಬರ ನಡುವಿನ ಪಂದ್ಯ ಗೆದ್ದವರು ಮೇಲೆ ಎಂದಿದ್ದರೆ ಬೇಲೂರು ಚಾಂಪಿಯನ್. ರಗ್ಬಿ ವಿಶ್ವಕಪ್‌ನ ಗುಂಪು ಹಂತದಲ್ಲಿ ಇದೇ ಮೊದಲ ಸಾಲು. ಒಟ್ಟು ಗಳಿಸಿದ ಅಂಕದಲ್ಲಿ ಬಿಟ್ಟುಕೊಟ್ಟ ಅಂಕ ಕಳೆದು ಬರುವ ಅಂತರವನ್ನು ನೋಡಬೇಕು ಎಂದಿದ್ದರೆ, ಸಕಲೇಶಪುರದ್ದು 21, 15 ಕೂಡಿಸಿ 3 ಕಳೆದರೆ 33. ಬೇಲೂರಿನದು 6, 3, 3 ಸೇರಿ 12. ಆಗ ಕಪ್ ಸೋತವರ ಪಾಲು. ಸಿಕ್ಸ್ ನೇಷನ್ಸ್‌ನಲ್ಲಿ ನಡೆಯುವುದು ಈ ಎರಡನೆಯ ಕ್ರಮ. ಆಟ ಅದೇ, ಕೆಸರು ಅದೇ, ಅಂಕ ಅದೇ, ಚಾಂಪಿಯನ್ ಬೇರೆ.

ಕಟ್ಟುಕತೆಗಿಂತ ನಿಜ ಕೆಲವೊಮ್ಮೆ ಇನ್ನೂ ವಿಚಿತ್ರವಾಗಿರುತ್ತದೆ. 2015ರ ಸೆಪ್ಟೆಂಬರ್ 19ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಜಪಾನ್ ತಂಡ ಎರಡು ಬಾರಿಯ ವಿಶ್ವ ಚಾಂಪಿಯನ್ ದಕ್ಷಿಣ ಆಫ್ರಿಕಾವನ್ನು ಎದುರಿಸಿತು. ಆಟ ಮುಗಿಯುವ ಹೊತ್ತಿಗೆ 29–32, ಜಪಾನ್ ಮೂರು ಅಂಕ ಹಿಂದೆ. ಪೆನಾಲ್ಟಿ ಸಿಕ್ಕಿತು. ಒದ್ದರೆ 32–32, ಆ ದೈತ್ಯರ ಎದುರು ಡ್ರಾ ಕೂಡ ಹಬ್ಬವೇ. ನಾಯಕ ಮೈಕೆಲ್ ಲೀಚ್ ಒದೆಯಲಿಲ್ಲ, ಸ್ಕ್ರಮ್ ಆರಿಸಿದರು. ಚೆಂಡು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿ, ಎಡ ಮೂಲೆಯಲ್ಲಿ ಕಾರ್ನ್ ಹೆಸ್ಕೆತ್ ಗೆರೆ ದಾಟಿ ಬಿದ್ದರು. 34–32. ರಗ್ಬಿ ಲೋಕ ಆ ಗೆಲುವನ್ನು ಇಂದಿಗೂ ಮಾತಾಡಿಕೊಳ್ಳುತ್ತದೆ.

ಪಟ್ಟಿ ಮಾತ್ರ ತಣ್ಣಗೆ ತನ್ನ ಕೆಲಸ ಮಾಡಿತು. ಗೆದ್ದ ಜಪಾನ್ ಹೊಡೆದದ್ದು ಮೂರು ಟ್ರೈ, ಬೋನಸ್ ಇಲ್ಲ, 4 ಪಾಯಿಂಟ್ಸ್. ಸೋತ ದಕ್ಷಿಣ ಆಫ್ರಿಕಾ ನಾಲ್ಕು ಟ್ರೈ ಹೊಡೆದಿತ್ತು, ಸೋಲಿನ ಅಂತರ ಎರಡೇ ಅಂಕ. ಅವಮಾನದ ಜೊತೆಗೆ 2 ಪಾಯಿಂಟ್ಸ್ ಜೇಬಿಗಿಳಿಸಿತು. ಗುಂಪು ಹಂತ ಮುಗಿದಾಗ ದಕ್ಷಿಣ ಆಫ್ರಿಕಾ 16, ಸ್ಕಾಟ್ಲೆಂಡ್ 14, ಜಪಾನ್ 12. ಮೂವರೂ ಮೂರು ಮೂರು ಪಂದ್ಯ ಗೆದ್ದಿದ್ದರು. ಮೂರು ಗೆದ್ದೂ ಕ್ವಾರ್ಟರ್ ಫೈನಲ್ ತಲುಪದ ಮೊದಲ ತಂಡ ಎಂಬ ದಾಖಲೆ ಜಪಾನಿನದಾಯಿತು. ಅವರ ಬೋನಸ್ ಕಾಲಂನಲ್ಲಿ ಇದ್ದದ್ದು ಒಂದು ಸೊನ್ನೆ. ಪಟ್ಟಿ ಓದುವವರು ಆ ಕಾಲಂ ಮೇಲೆ ಮೊದಲು ಕಣ್ಣು ಹಾಯಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಅಂಕಗಳ ಅಂತರ ಇಡೀ ದಿನವನ್ನು ಹೇಗೆ ಆಳುತ್ತದೆ ಎಂಬುದಕ್ಕೆ ಅದೇ ವರ್ಷದ ಮಾರ್ಚ್ 21 ಸಾಕ್ಷಿ. ಸಿಕ್ಸ್ ನೇಷನ್ಸ್‌ನ ಕೊನೆಯ ದಿನ, ಬೋನಸ್ ಇನ್ನೂ ಬಂದಿರದ ಕಾಲ. ಮೊದಲು ವೇಲ್ಸ್ ತಂಡ ಇಟಲಿಯನ್ನು 61–20ರಿಂದ ಜಜ್ಜಿತು. ಬಳಿಕ ಐರ್ಲೆಂಡ್ ಸ್ಕಾಟ್ಲೆಂಡನ್ನು 40–10ರಿಂದ ಸೋಲಿಸಿತು. ಕೊನೆಗೆ ಇಂಗ್ಲೆಂಡ್ ಫ್ರಾನ್ಸ್ ವಿರುದ್ಧ 26 ಅಂಕಗಳ ಅಂತರದಿಂದ ಗೆಲ್ಲಬೇಕಿತ್ತು; 55–35ರಿಂದ ಗೆದ್ದಿತು, ಅಂದರೆ 20. ಮೂರೂ ತಂಡಗಳು ಐದರಲ್ಲಿ ನಾಲ್ಕು ಗೆದ್ದಿದ್ದವು. ಐರ್ಲೆಂಡಿನ ಅಂತರ 63, ಇಂಗ್ಲೆಂಡಿನದು 57. ತನ್ನ ಪಂದ್ಯ ಮುಗಿಸಿದ್ದ ತಂಡ ಬೇರೊಂದು ಊರಿನಲ್ಲಿ ಬೇರೆಯವರು ಆಡಿದ ಪಂದ್ಯ ಮುಗಿದಾಗ ಚಾಂಪಿಯನ್ ಆಯಿತು.

ಅದೇ ಟೂರ್ನಿಯೊಳಗೆ ಇನ್ನೊಂದು ಕಪ್ ಅಡಗಿದೆ, ಅದಕ್ಕೆ ನಮ್ಮ ದೇಶದ ನಂಟು. 1873ರಲ್ಲಿ ಶುರುವಾದ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ (ಹೆಸರು ಫುಟ್‌ಬಾಲ್, ಆಡುತ್ತಿದ್ದದ್ದು ರಗ್ಬಿ) ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಬೇಕಾಯಿತು. ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲಿ ತೆಗೆದು, ಕರಗಿಸಿ, ನಾಗರ ಹಾವಿನ ಹಿಡಿಗಳು ಮತ್ತು ಮುಚ್ಚಳದ ಮೇಲೊಂದು ಆನೆ ಇರುವ ಕಪ್ ಮಾಡಿಸಿದರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದಕ್ಕಾಗಿ ಸೆಣಸುತ್ತಿವೆ. ಅದು ಆ ಒಂದು ಪಂದ್ಯಕ್ಕೆ ಮಾತ್ರ ಸೇರಿದ್ದು. ಪಟ್ಟಿಯಲ್ಲಿ ಎಷ್ಟೇ ಕೆಳಗಿದ್ದರೂ ಆ ದಿನ ಗೆದ್ದರೆ ಕಲ್ಕತ್ತಾ ಕಪ್ ಮನೆಗೆ ಬರುತ್ತದೆ.

ಶಾಲೆಗಳ ವಿಷಯಕ್ಕೆ ಬಂದರೆ ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾ. ಕೊಲಂಬೊದ ರಾಯಲ್ ಕಾಲೇಜು ಮತ್ತು ಕ್ಯಾಂಡಿಯ ಟ್ರಿನಿಟಿ ಕಾಲೇಜು, ಹೆಸರಿನಲ್ಲಿ ಕಾಲೇಜು ಇದ್ದರೂ ಎರಡೂ ಶಾಲೆಗಳೇ, 1945ರಿಂದ ಬ್ರ್ಯಾಡ್ಬಿ ಶೀಲ್ಡ್‌ಗಾಗಿ ಆಡುತ್ತಿವೆ. ಒಂದು ಪಂದ್ಯ ಕೊಲಂಬೊದಲ್ಲಿ, ಒಂದು ಕ್ಯಾಂಡಿಯಲ್ಲಿ, ಎರಡರ ಅಂಕಗಳನ್ನೂ ಕೂಡಿಸಿ ತೀರ್ಮಾನ. ಮೊದಲ ಪಂದ್ಯದಲ್ಲಿ ಹದಿನೈದು ಅಂಕಗಳಿಂದ ಗೆದ್ದವರು ಎರಡನೆಯದರಲ್ಲಿ ಹತ್ತು ಅಂಕಗಳಿಂದ ಸೋತರೂ ಶೀಲ್ಡ್ ಅವರದೇ. ಆ ದಿನ ಮೈದಾನದಲ್ಲಿ ಗೆದ್ದ ಹುಡುಗರು ತಲೆ ತಗ್ಗಿಸಿ ನಿಂತಿರುತ್ತಾರೆ, ಸೋತವರು ಕುಣಿಯುತ್ತಿರುತ್ತಾರೆ. ಲೆಕ್ಕ ತಿಳಿಯದವರಿಗೆ ಅದು ಹುಚ್ಚರ ಸಂತೆ.

ಜಪಾನಿನ ಪ್ರೌಢಶಾಲೆಗಳ ರಾಷ್ಟ್ರೀಯ ಟೂರ್ನಿ ಒಸಾಕಾ ಬಳಿಯ ಹನಜೊನೊದಲ್ಲಿ ನಡೆಯುತ್ತದೆ, ಅದು ನಾಕೌಟ್. ಪಂದ್ಯ ಸಮವಾದರೆ ಹುಡುಗರನ್ನು ಹೆಚ್ಚುವರಿ ಸಮಯ ಆಡಿಸಿ ದಣಿಸುವುದಿಲ್ಲ; ಟ್ರೈಗಳ ಎಣಿಕೆ ನೋಡುತ್ತಾರೆ, ಅದೂ ಸಮವಾಗಿ ಬೇರೆ ದಾರಿ ಕಾಣದಿದ್ದರೆ ಚೀಟಿ ಎತ್ತುತ್ತಾರೆ. ಫೈನಲ್ ಸಮವಾದರೆ ಮಾತ್ರ ಎರಡೂ ಶಾಲೆಗಳು ಚಾಂಪಿಯನ್. 2011ರ ಜನವರಿಯಲ್ಲಿ 31–31 ಆಗಿ ಹಾಗೆಯೇ ಕಪ್ ಹಂಚಿಕೊಂಡರು. ದಕ್ಷಿಣ ಆಫ್ರಿಕಾದಲ್ಲಿ 1964ರಿಂದ ನಡೆಯುತ್ತಿರುವ ಕ್ರೇವನ್ ವೀಕ್ ಇನ್ನೊಂದು ತುದಿಯದು: ಅಲ್ಲಿ ಪ್ರಾಂತ್ಯಗಳ ಶಾಲಾ ತಂಡಗಳು ವಾರವಿಡೀ ಆಡುತ್ತವೆ, ಅಧಿಕೃತ ಫೈನಲ್ ಎಂಬುದೇ ಇಲ್ಲ. ಕೊನೆಯ ದಿನದ ಮುಖ್ಯ ಪಂದ್ಯ ಗೆದ್ದವರನ್ನು ಜನ ತಾವೇ ಚಾಂಪಿಯನ್ ಎಂದು ಕರೆದುಕೊಳ್ಳುತ್ತಾರೆ.

ಇದರಲ್ಲಿ ಯಾವುದು ನ್ಯಾಯ? ದೊಡ್ಡವರ ಆಟಕ್ಕೆ ಅಂಕಗಳ ಅಂತರ ಇರಲಿ. ಶಾಲಾ ಹುಡುಗರ ಆಟಕ್ಕೆ ಅದನ್ನು ಮೊದಲ ಸಾಲಾಗಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಅಂತರ ಬೆಳೆಯುವುದು ದುರ್ಬಲ ತಂಡದ ಮೇಲೆ. ಹದಿನೈದು ಮಂದಿಯನ್ನು ಹೊಂದಿಸಲು ಒದ್ದಾಡುವ ಸಣ್ಣ ಶಾಲೆಯೊಂದು 40–0ಯಿಂದ ಹಿಂದಿರುವಾಗಲೂ ಎದುರಾಳಿ ನಿಲ್ಲಿಸುವಂತಿಲ್ಲ, ಏಕೆಂದರೆ ಇನ್ನೊಂದು ಟ್ರೈ ಮುಂದೆಂದೋ ಉಪಯೋಗಕ್ಕೆ ಬರಬಹುದು. ಹದಿನಾಲ್ಕು ಹದಿನೈದರ ಮಕ್ಕಳಿಗೆ ಅಂಥ ಮಧ್ಯಾಹ್ನಗಳು ಆಟವನ್ನೇ ಬಿಡಿಸುತ್ತವೆ. ನಾಲ್ಕು ಟ್ರೈಗೆ ಒಂದೇ ಪಾಯಿಂಟ್ ಎಂಬ ಮಿತಿಯಲ್ಲಾದರೂ ಒಂದು ದಯೆ ಇದೆ. ನಾಲ್ಕು ಹೊಡೆದರೂ ಹನ್ನೆರಡು ಹೊಡೆದರೂ ಸಿಗುವುದು ಅಷ್ಟೇ. ಸಮಾನ ಪಾಯಿಂಟ್ಸ್ ಬಂದರೆ ಮುಖಾಮುಖಿ ಪಂದ್ಯ ಗೆದ್ದವರು ಮೇಲೆ ಎನ್ನುವುದು ಹುಡುಗರಿಗೂ ಅರ್ಥವಾಗುವ ಮಾತು. ಹಾಗಾದರೆ ನಮ್ಮ ಕತೆಯಲ್ಲಿ ಬೇಲೂರಿಗೇ ಕಪ್ ಸಲ್ಲಬೇಕು, ಸಕಲೇಶಪುರದವರು ಎಷ್ಟೇ ಚೆಂದ ಓಡಿದ್ದರೂ.

ಮಳೆಯ ಮಾತೊಂದು ಉಳಿಯಿತು. ರಗ್ಬಿ ಮಳೆಗೆ ನಿಲ್ಲುವ ಆಟವಲ್ಲ, ಸಿಡಿಲಿಗೆ ನಿಲ್ಲಿಸುತ್ತಾರೆ. ಪಂದ್ಯವೇ ರದ್ದಾದರೆ? 2019ರ ವಿಶ್ವಕಪ್‌ನಲ್ಲಿ ಹಗಿಬಿಸ್ ಚಂಡಮಾರುತದಿಂದ ಮೂರು ಪಂದ್ಯ ರದ್ದಾದಾಗ ಎಲ್ಲವನ್ನೂ 0–0 ಡ್ರಾ ಎಂದು ಬರೆದು ತಲಾ 2 ಪಾಯಿಂಟ್ಸ್ ಹಂಚಿದರು. ನ್ಯೂಜಿಲೆಂಡ್ ವಿರುದ್ಧ ಕೊನೆಯ ಅವಕಾಶಕ್ಕೆ ಕಾದಿದ್ದ ಇಟಲಿಯ ಕತೆ ಚೆಂಡು ಮುಟ್ಟದೆಯೇ ಮುಗಿಯಿತು. ಆಷಾಢ ಶ್ರಾವಣದಲ್ಲಿ ಮಲೆನಾಡಿನ ಅಂಚಿನಲ್ಲಿ ಲೀಗ್ ನಡೆಸಹೊರಡುವವರು ರದ್ದಾದ ಪಂದ್ಯಕ್ಕೆ ಏನು ಮಾಡುತ್ತೇವೆಂದು ಮೊದಲೇ ಬರೆದಿಡಬೇಕು, ಎಲ್ಲ ಶಾಲೆಗಳ ದೈಹಿಕ ಶಿಕ್ಷಕರಿಂದ ಸಹಿಯನ್ನೂ ಹಾಕಿಸಿಕೊಳ್ಳಬೇಕು. ಕೊನೆಯ ವಾರದಲ್ಲಿ ಬರೆದ ನಿಯಮ ಯಾರೋ ಒಬ್ಬರಿಗೆ ಅನುಕೂಲವಾಗಿಯೇ ಕಾಣುತ್ತದೆ.

ಮೂರನೆಯ ಸ್ಥಾನ ಇನ್ನೂ ಇತ್ಯರ್ಥವಾಗಿಲ್ಲ. ಆಲೂರು 3, ಅರಕಲಗೂಡು 3. ಅವರ ನಡುವಿನ ಪಂದ್ಯ 14–14, ಹಾಗಾಗಿ ಮುಖಾಮುಖಿ ನಿಯಮ ಇಲ್ಲಿ ಕೈಕೊಡುತ್ತದೆ. ಮುಂದಿನ ಸಾಲಿಗೆ, ಅಂದರೆ ಅಂಕಗಳ ಅಂತರಕ್ಕೆ ಇಳಿಯಲೇಬೇಕು. ಆಲೂರಿನದು ಸಕಲೇಶಪುರದ ಎದುರು 21, ಬೇಲೂರಿನ ಎದುರು 6, ಒಟ್ಟು 27 ಅಂಕಗಳ ಕೊರತೆ. ಅರಕಲಗೂಡಿನದು 15, 3, ಒಟ್ಟು 18. ಕಂಚಿನ ಪದಕ ಅರಕಲಗೂಡಿಗೆ.